ಪಂಪ್ ಬಂದ ಮೇಲೆ ನಿದ್ದೆಯೇ ಇಲ್ಲ

ಮೇಡಂ, ನನಗೀಗ 29 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಟೀಚರ್. 11ನೇ ವಯಸ್ಸಿನಲ್ಲಿ ಟೈಪ್ 1 ಡಯಾಬಿಟಿಸ್ ಬಂತು. ಅಂದಿನಿಂದ ದಿನಕ್ಕೆ ನಾಲ್ಕು ಇಂಜೆಕ್ಷನ್. ಕಾಲೇಜಿನಲ್ಲಿದ್ದಾಗ ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಶುಗರ್ ಲೋ ಆಗಿ ಎಚ್ಚರ ತಪ್ಪಿದ್ದೆ. ರೂಮ್‌ಮೇಟ್ ನೋಡಿದ್ದಕ್ಕೆ ಉಳಿದೆ. ಎರಡು ತಿಂಗಳ ಹಿಂದೆ ನಮ್ಮನೆಯವರು ಸಾಲ ಮಾಡಿ ಆಟೋಮೇಟೆಡ್ ಇನ್ಸುಲಿನ್ ಪಂಪ್ ಹಾಕಿಸಿದರು. ‘ಇನ್ನು ನಿನಗೆ ಚಿಂತೆಯೇ ಇಲ್ಲ’ ಅಂತ ಎಲ್ಲರೂ ಹೇಳಿದರು. ರಿಪೋರ್ಟ್ ನೋಡಿದ ಡಾಕ್ಟರ್‌ಗೂ ಖುಷಿ. ನನಗೆ ಮಾತ್ರ ಅಳು ಬರುತ್ತದೆ. ರಾತ್ರಿ ಒಂದಕ್ಕೆ, ಮೂರಕ್ಕೆ ಎದ್ದು ಪಂಪ್ ನೋಡುತ್ತೇನೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ನಂಬಿಕೆಯೇ ಬರುವುದಿಲ್ಲ. ಹೋದ ವಾರ ಊಟವಾದ ಮೇಲೆ 210 ತೋರಿಸಿತು, ಇಳಿಯಲೇ ಇಲ್ಲ. ತಡೆಯಲಾಗದೆ ಹಳೆಯ ಪೆನ್ ತೆಗೆದು ನಾಲ್ಕು ಯೂನಿಟ್ ಹಾಕಿಕೊಂಡೆ. ನಡುರಾತ್ರಿ 52 ಆಯಿತು, ಅಲಾರಂಗೆ ಇಡೀ ಮನೆ ಎದ್ದಿತು. ನನ್ನ ಶುಗರ್ ನಮ್ಮನೆಯವರ ಫೋನಿನಲ್ಲೂ ಬರುತ್ತದೆ. ಪಾಠದ ಮಧ್ಯೆ ಫೋನ್ ಮಾಡಿ ‘ಏನು ತಿಂದೆ?’ ಅನ್ನುತ್ತಾರೆ. ಇಷ್ಟು ಖರ್ಚು ಮಾಡಿಸಿ ಅಳುತ್ತಿರುವ ನಾನು ಕೃತಘ್ನಳಾ? ಇದನ್ನು ತೆಗೆದುಹಾಕಿ ಮತ್ತೆ ಇಂಜೆಕ್ಷನ್‌ಗೆ ಹೋಗಲಾ?

— ಹೆಸರು ಬೇಡ, ದಾವಣಗೆರೆ

ನೀವು ಕೃತಘ್ನರಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಸಾಲ ಮಾಡಿ ಪಂಪ್ ಕೊಡಿಸಿದವರ ಮೇಲೆ ನಿಮಗೆಷ್ಟು ಪ್ರೀತಿ ಇದೆ ಅನ್ನುವುದು ಪತ್ರದಲ್ಲೇ ಗೊತ್ತಾಗುತ್ತದೆ. ಅದರ ಜೊತೆಗೆ ನಿಮಗೆ ಸುಸ್ತಾಗಿದೆ, ಹೆದರಿಕೆಯಾಗಿದೆ, ಎರಡು ತಿಂಗಳಿಂದ ನೆಟ್ಟಗೆ ನಿದ್ದೆಯಿಲ್ಲ. ಋಣದ ಭಾವನೆಯೂ ಸುಸ್ತೂ ಒಂದೇ ಮನಸ್ಸಿನಲ್ಲಿ ಇರಬಹುದು. ಆದರೆ ಮನೆಯವರೆಲ್ಲ ಖುಷಿಯಾಗಿರುವಾಗ ‘ನನಗೆ ಕಷ್ಟವಾಗುತ್ತಿದೆ’ ಎಂದು ಬಾಯಿಬಿಡುವುದು ಸುಲಭವಲ್ಲ. ಹಾಗಾಗಿ ಅಳು ರಾತ್ರಿಗೆ ಉಳಿದುಕೊಂಡಿದೆ.

ಹದಿನೆಂಟು ವರ್ಷ ನೀವು ಏನು ಮಾಡುತ್ತಾ ಬಂದಿದ್ದೀರಿ ನೋಡಿ. ತಟ್ಟೆಯ ಮುಂದೆ ಕೂತಾಗಲೆಲ್ಲ ಲೆಕ್ಕ. ಮುದ್ದೆ ಎಷ್ಟು ದೊಡ್ಡದು, ಅನ್ನ ಎಷ್ಟು, ಸಂಜೆ ನಡೆಯುವುದಿದೆಯಾ, ಮುಟ್ಟಿನ ದಿನ ಹತ್ತಿರವಿದೆಯಾ, ನಾಳೆ ಪರೀಕ್ಷೆಯ ಟೆನ್ಷನ್ ಇದೆಯಾ. ಇಷ್ಟನ್ನೂ ಕೂಡಿ ಕಳೆದು ಯೂನಿಟ್ ನಿರ್ಧರಿಸುತ್ತಿದ್ದಿರಿ. ಶಾಲೆಯಲ್ಲಿ ಮಕ್ಕಳಿಗೆ ಗಣಿತ, ಒಳಗೊಳಗೇ ಇನ್ನೊಂದು ಗಣಿತ. ಅದನ್ನು ಕಂಡವರಿಲ್ಲ, ಶಹಬ್ಬಾಸ್ ಅಂದವರೂ ಇಲ್ಲ. ನಿಮ್ಮನ್ನು ಈ ತನಕ ಬದುಕಿಸಿದ್ದು ಇನ್ಸುಲಿನ್ ಎಷ್ಟೋ, ಆ ಎಚ್ಚರವೂ ಅಷ್ಟೇ. ಹಾಸ್ಟೆಲ್‌ನ ಆ ರಾತ್ರಿಯ ನಂತರ ಅದು ಮೈಯಲ್ಲೇ ಕೂತುಬಿಟ್ಟಿದೆ. ಈಗ ಎಲ್ಲರೂ ಸೇರಿ ‘ಇನ್ನು ಬಿಟ್ಟುಬಿಡು, ಮಷೀನ್ ನೋಡಿಕೊಳ್ಳುತ್ತೆ’ ಅನ್ನುತ್ತಿದ್ದಾರೆ. ಜೀವ ಉಳಿಸಿದ್ದನ್ನು ಯಾರಾದರೂ ಎರಡು ತಿಂಗಳಲ್ಲಿ ಬಿಡಲು ಆಗುತ್ತದೆಯೇ? ಮೂರು ಗಂಟೆಗೆ ಎದ್ದು ಪಂಪ್ ನೋಡುವ ನಿಮ್ಮನ್ನು ಅನುಮಾನದ ಸ್ವಭಾವದವರು ಅಂತ ನಾನು ಹೇಳಲಾರೆ. ಹಳೆಯ ಕಾವಲುಗಾರ್ತಿ ಇನ್ನೂ ಡ್ಯೂಟಿ ಬಿಟ್ಟಿಲ್ಲ, ಅಷ್ಟೇ.

ಈ ಬಳಲಿಕೆಯನ್ನು ವೈದ್ಯಲೋಕ ‘ಡಯಾಬಿಟಿಸ್ ಡಿಸ್ಟ್ರೆಸ್’ ಎಂದು ಕರೆಯುತ್ತದೆ. ಅದನ್ನು ಅಳೆಯಲು ವಿಲಿಯಂ ಪೊಲೊನ್‌ಸ್ಕಿ ಎಂಬ ಅಮೆರಿಕದ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು 1995ರಲ್ಲಿ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಈಗಲೂ ಡಾಕ್ಟರುಗಳು ಅದನ್ನು ಬಳಸುತ್ತಾರೆ. ಇದು ಖಿನ್ನತೆಯೇ ಆಗಬೇಕೆಂದಿಲ್ಲ. ಒಂದು ದಿನದ ರಜೆಯೂ ಇಲ್ಲದ ಕಾಯಿಲೆಯ ಜೊತೆ ಬದುಕುವವರಿಗೆ ಆಗುವ ದಣಿವು. ಶುಗರ್ ರಿಪೋರ್ಟ್ ಚೆನ್ನಾಗಿದ್ದಾಗಲೂ ಇದು ಇರಬಹುದು. ನಿಮ್ಮ ಡಾಕ್ಟರ್ ರಿಪೋರ್ಟ್ ನೋಡಿ ಖುಷಿಪಟ್ಟಿದ್ದು ಸರಿಯೇ. ನೀವು ಹೇಗಿದ್ದೀರಿ ಅನ್ನುವುದು ಆ ರಿಪೋರ್ಟಿನಲ್ಲಿ ಬರುವುದಿಲ್ಲ. ಅದನ್ನು ನೀವೇ ಹೇಳಬೇಕು.

ಇನ್ನು ಪಂಪ್ ವಿಷಯ. ನಿಮಗೆ ಇದನ್ನು ಕೊಡಿಸುವಾಗ ಯಾರೋ ಸ್ವಲ್ಪ ಜಾಸ್ತಿಯೇ ಆಸೆ ಹುಟ್ಟಿಸಿದ್ದಾರೆ ಅನ್ನಿಸುತ್ತದೆ. ಇಂಥ ಮೊದಲ ಪಂಪ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಅಲ್ಲಿಂದ ಇಲ್ಲಿಗೆ ಇವು ತುಂಬ ಸುಧಾರಿಸಿವೆ, ಆದರೂ ಅರ್ಧ ಕೆಲಸ ಇನ್ನೂ ನಿಮ್ಮದೇ. ಚರ್ಮದ ಕೆಳಗಿನ ಸೆನ್ಸರ್ ಐದು ನಿಮಿಷಕ್ಕೊಮ್ಮೆ ಶುಗರ್ ಹೇಳುತ್ತದೆ. ಪಂಪ್ ಅದನ್ನು ನೋಡಿಕೊಂಡು ಚೂರುಚೂರೇ ಇನ್ಸುಲಿನ್ ಬಿಡುತ್ತದೆ. ಇಳಿಯುತ್ತಿದೆ ಎಂದು ಕಂಡರೆ ಕಡಿಮೆ ಮಾಡುತ್ತದೆ, ಬೇಕಾದರೆ ನಿಲ್ಲಿಸಿಯೇ ಬಿಡುತ್ತದೆ. ಊಟ ಮಾಡಿದ್ದು ಮಾತ್ರ ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಊಟದಲ್ಲಿ ಕಾರ್ಬ್ (ಕಾರ್ಬೊಹೈಡ್ರೇಟ್) ಎಷ್ಟು ಎಂದು ನೀವು ಹೇಳಬೇಕು, ಅದೂ ಊಟಕ್ಕೆ 10ರಿಂದ 15 ನಿಮಿಷ ಮುಂಚೆ. ಇನ್ನೊಂದು ಮಾತು: ಸೆನ್ಸರ್ ನೋಡುವುದು ರಕ್ತವನ್ನಲ್ಲ, ಜೀವಕೋಶಗಳ ಸುತ್ತಲಿನ ದ್ರವವನ್ನು. ಹಾಗಾಗಿ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಊಟವಾದ ಹೊಸದರಲ್ಲಿ ಬೆರಳು ಚುಚ್ಚಿ ನೋಡಿದರೆ ಒಂದು ಸಂಖ್ಯೆ, ಪಂಪಿನಲ್ಲಿ ಇನ್ನೊಂದು ಬರುವುದು ಇದಕ್ಕೇ. ಕೆಟ್ಟಿದೆ ಅಂತಲ್ಲ.

ಈಗ 210ರ ಆ ರಾತ್ರಿಗೆ ಬರುತ್ತೇನೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ, ಬೇಸರಿಸಬೇಡಿ.

ನಿಮಗೆ 210 ಕಂಡಾಗ ಪಂಪ್ ಸುಮ್ಮನೆ ಕೂತಿರಲಿಲ್ಲ. ಅದು ಆಗಲೇ ಇನ್ಸುಲಿನ್ ಹೆಚ್ಚು ಮಾಡಿತ್ತು, ಆದರೆ ಚರ್ಮದಡಿ ಹೋದ ಇನ್ಸುಲಿನ್ ಕೆಲಸ ಶುರು ಮಾಡಲು ಹೊತ್ತು ಬೇಕು, ಮುಗಿಸಲು ಮೂರು ನಾಲ್ಕು ಗಂಟೆಯೇ ಬೇಕು. ಅಷ್ಟರಲ್ಲಿ ನೀವು ಪೆನ್‌ನಿಂದ ನಾಲ್ಕು ಯೂನಿಟ್ ಹಾಕಿಕೊಂಡಿರಿ. ಆ ನಾಲ್ಕು ಯೂನಿಟ್ ಪಂಪಿನ ಲೆಕ್ಕದಲ್ಲೇ ಇಲ್ಲ. ಶುಗರ್ ಇಳಿಯತೊಡಗುವ ತನಕ ಅದು ತನ್ನ ಪಾಡಿಗೆ ತಾನು ಬಿಡುತ್ತಲೇ ಹೋಯಿತು. ಎರಡೂ ಒಟ್ಟಿಗೆ ಕೆಲಸ ಮಾಡಿದಾಗ 52. ಆ ರಾತ್ರಿ ಪಂಪ್ ತಪ್ಪು ಮಾಡಲಿಲ್ಲ, ನೀವೂ ಬೇಕೆಂದು ಮಾಡಲಿಲ್ಲ. ಒಂದೇ ಕೆಲಸಕ್ಕೆ ಇಬ್ಬರು ಇಳಿದಿರಿ, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸೊಸೆಗೆ ಅಡುಗೆಮನೆ ಬಿಟ್ಟುಕೊಟ್ಟ ಮೇಲೂ ಬಂದು ಬಂದು ಸಾರಿಗೆ ಉಪ್ಪು ಹಾಕಿ ಹೋಗುವ ಹಿರಿಯರನ್ನು ನೀವು ನೋಡಿರುತ್ತೀರಿ. ಕೈ ಕೆಟ್ಟದ್ದಲ್ಲ, ಅಭ್ಯಾಸ ಹಾಗೆ. ಊಟಕ್ಕೆ ಕೂತಾಗ ಮಾತ್ರ ಸಾರು ಉಪ್ಪು.

ಹಾಗಾಗಿ ಇವತ್ತಿನಿಂದಲೇ ಒಂದು ನಿಯಮ ಇಟ್ಟುಕೊಳ್ಳಿ: ಪಂಪ್ ಸರಿಯಾಗಿ ನಡೆಯುತ್ತಿರುವಾಗ ಪೆನ್ ಮುಟ್ಟುವುದಿಲ್ಲ. ಅದನ್ನು ಬಿಸಾಡಬೇಡಿ, ಅದಕ್ಕೊಂದು ಕೆಲಸವಿದೆ, ಮುಂದೆ ಹೇಳುತ್ತೇನೆ. ಬೋಲಸ್, ಅಂದರೆ ಊಟದ ಇನ್ಸುಲಿನ್, ಕೊಡಲು ಮರೆತು ಆಮೇಲೆ ನೆನಪಾದರೂ ಪೂರ್ತಿ ಡೋಸ್ ಕೊಡಲು ಹೋಗಬೇಡಿ, ಅಷ್ಟರಲ್ಲಿ ಪಂಪ್ ತನ್ನ ಪಾಲು ಸುರಿದಿರುತ್ತದೆ. ಎಷ್ಟು ಹೊತ್ತಾಗಿದ್ದರೆ ಎಷ್ಟು ಕೊಡಬೇಕು ಅನ್ನುವುದನ್ನು ನಿಮ್ಮ ಡಯಾಬಿಟಿಸ್ ಎಜುಕೇಟರ್ ಹತ್ತಿರ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಲೋ ಆದಾಗ ತಿನ್ನುವುದರ ಬಗ್ಗೆಯೂ ಕೇಳಿ. ಇಂಜೆಕ್ಷನ್ ಕಾಲದಲ್ಲಿ 15 ಗ್ರಾಂ ಗ್ಲುಕೋಸ್, 15 ನಿಮಿಷ ಕಾಯುವುದು ಅಂತ ಕಲಿತಿರುತ್ತೀರಿ. ಶುಗರ್ ಇಳಿಯುವ ಮೊದಲೇ ಈ ಪಂಪ್ ಇನ್ಸುಲಿನ್ ತಗ್ಗಿಸಿರುವುದರಿಂದ ಎಷ್ಟೋ ಸಲ ಅದಕ್ಕಿಂತ ಕಡಿಮೆ ಸಾಕಾಗುತ್ತದೆ. ಹೆದರಿ ಜಾಸ್ತಿ ತಿಂದರೆ ಒಂದು ಗಂಟೆಯಲ್ಲಿ 240. ಮತ್ತೆ ಗಾಬರಿ.

ರಾತ್ರಿಯ ಕಾವಲನ್ನು ಒಮ್ಮೆಗೇ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ನಿಮ್ಮಿಂದ ಆಗುವುದಿಲ್ಲ. ಮೊದಲ ವಾರ ರಾತ್ರಿ ಒಂದೇ ಸಲ ನೋಡಿ, ಗಂಟೆ ನೀವೇ ಗೊತ್ತು ಮಾಡಿಕೊಳ್ಳಿ. ನೋಡುವುದು ಮಾತ್ರ, ಗುಂಡಿ ಒತ್ತುವುದಿಲ್ಲ. ಬೆಳಿಗ್ಗೆ ಎದ್ದು ಆ ರಾತ್ರಿಯ ಗ್ರಾಫ್ ತೆರೆದು, ನೀವು ಮಲಗಿದ್ದಾಗ ಪಂಪ್ ಏನೇನು ಮಾಡಿತು ಎಂದು ಓದಿ. ಮೂರೂವರೆಗೆ ಇಳಿಯತೊಡಗಿದಾಗ ಅದು ಇನ್ಸುಲಿನ್ ನಿಲ್ಲಿಸಿದ್ದು, ನಾಲ್ಕಕ್ಕೆ ಗೆರೆ ನೇರವಾದದ್ದು ನಿಮ್ಮ ಕಣ್ಣಿಗೇ ಕಾಣುತ್ತದೆ. ನಂಬಿಕೆ ಯಾರೋ ಹೇಳಿದ್ದರಿಂದ ಬರುವುದಿಲ್ಲ, ನಿಮ್ಮಂಥ ಗಣಿತದವರಿಗಂತೂ ಬರುವುದೇ ಇಲ್ಲ. ಲೆಕ್ಕ ಬಿಡಿಸಿ ತೋರಿಸಿದರೆ ಬರುತ್ತದೆ. ಧೈರ್ಯ ಬಂದ ಮೇಲೆ ಆ ಒಂದು ಸಲವನ್ನೂ ಬಿಡಿ, ಅಲಾರಂ ಕೂಗಿದರೆ ಮಾತ್ರ ಏಳಿ.

ಅಲಾರಂ ಕೂಗುವುದನ್ನೂ ಕಡಿಮೆ ಮಾಡಬಹುದು. ರಾತ್ರಿ ಹೊತ್ತು ಹೈ ಅಲಾರಂ 180ಕ್ಕೇ ಕೂಗಬೇಕೆಂದೇನಿಲ್ಲ, ಎಷ್ಟಕ್ಕೆ ಇಡಬಹುದು ಎಂದು ಡಾಕ್ಟರನ್ನು ಕೇಳಿ ಮೇಲಕ್ಕೇರಿಸಿಕೊಳ್ಳಿ. ಲೋ ಅಲಾರಂ ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಸೆನ್ಸರ್ ಇರುವ ತೋಳನ್ನು ಒತ್ತಿಕೊಂಡು ಮಲಗಿದರೆ ಇಲ್ಲದ ಲೋ ತೋರಿಸುವುದುಂಟು. ರಾತ್ರಿ ಲೋ ಅಲಾರಂ ಬಂದು ಮೈಗೆ ಏನೂ ಅನಿಸದಿದ್ದರೆ ಹೊರಳಿ ಮಲಗುವ ಮುಂಚೆ ಗ್ಲುಕೋಮೀಟರ್‌ನಲ್ಲಿ ಒಮ್ಮೆ ನೋಡಿ. ಮೈ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದಾಗಲೂ ಅಷ್ಟೇ, ಬೆರಳಿನ ಮಾತು ನಂಬಿ.

ಹಗಲಿನಲ್ಲಿ? ನೀವು ಎಷ್ಟು ಮಕ್ಕಳ ಪೇಪರ್ ತಿದ್ದಿಲ್ಲ! ದೊಡ್ಡವರಿಗೆ ತಜ್ಞರು ಇಟ್ಟಿರುವ ಗುರಿ ಏನು ಗೊತ್ತೆ? ದಿನದ ನೂರಕ್ಕೆ 70 ಭಾಗ ಶುಗರ್ 70ರಿಂದ 180ರ ಒಳಗಿದ್ದರೆ ಸಾಕು. ಅಂದರೆ 24 ಗಂಟೆಯಲ್ಲಿ ಸುಮಾರು 17 ಗಂಟೆ. 70ಕ್ಕಿಂತ ಕೆಳಗೆ ನೂರಕ್ಕೆ 4ಕ್ಕಿಂತ ಕಡಿಮೆ ಇರಬೇಕು, ಅದೂ ಹೆಚ್ಚುಕಡಿಮೆ ಒಂದು ಗಂಟೆ. ಉಳಿದ ಹೊತ್ತು ಮೇಲೆ ಹೋದರೂ ಲೆಕ್ಕದೊಳಗೇ ಇದೆ. ಒಬ್ಬಟ್ಟಿನ ದಿನ 210 ಬಂದರೆ ಅದು ತಪ್ಪಲ್ಲ, ಹಬ್ಬ. ನೀವು ಮಾತ್ರ ಪ್ರತಿ ಐದು ನಿಮಿಷಕ್ಕೂ ನೂರಕ್ಕೆ ನೂರು ತೆಗೆಯಬೇಕು ಅಂತ ಕೂತಿದ್ದೀರಿ. ಭಾನುವಾರ ಒಮ್ಮೆ ಇಡೀ ವಾರದ್ದು ನೋಡಿ, ಸಾಕು. ಮಧ್ಯದಲ್ಲಿ ಊಟಕ್ಕೆ ಮುಂಚೆ, ಮಲಗುವ ಮುಂಚೆ, ಅಲಾರಂ ಬಂದಾಗ.

ಈಗ ನಿಮ್ಮನೆಯವರ ಫೋನ್. ನನಗೆ ಅನ್ನಿಸುವ ಪ್ರಕಾರ ನಿಮ್ಮನ್ನು ಪಂಪಿಗಿಂತ ಹೆಚ್ಚು ದಣಿಸುತ್ತಿರುವುದು ಇದು. ಇಂಜೆಕ್ಷನ್ ಕಾಲದಲ್ಲಿ ನಿಮ್ಮ ಶುಗರ್ ನಿಮ್ಮದಾಗಿತ್ತು. ಹೇಳಬೇಕು ಅನಿಸಿದರೆ ಹೇಳುತ್ತಿದ್ದಿರಿ, ಇಲ್ಲದಿದ್ದರೆ ಇಲ್ಲ. ಈಗ ಅದು ಅಂಗಡಿಯಲ್ಲೋ ಆಫೀಸಿನಲ್ಲೋ ಕೂತಿರುವ ಗಂಡನ ಅಂಗೈಯಲ್ಲಿದೆ. ನೀವು ಹತ್ತನೇ ತರಗತಿಗೆ ಪ್ರಮೇಯ ಬಿಡಿಸುತ್ತಿರುವಾಗ ಅವರಿಗೆ 195 ಕಾಣುತ್ತದೆ, ಸೀಮೆಸುಣ್ಣ ಹಿಡಿದ ಕೈಯಲ್ಲೇ ನೀವು ‘ಏನೂ ತಿಂದಿಲ್ಲ ರೀ’ ಅಂತ ಸಮಜಾಯಿಷಿ ಕೊಡಬೇಕಾಗುತ್ತದೆ. ವಿಚಾರಣೆ ಮಾಡುವುದು ಅವರ ಮನಸ್ಸಿನಲ್ಲಿ ಇರುವುದಿಲ್ಲ. ಅವರಿಗೂ ಹೆದರಿಕೆ. ನಿಮ್ಮ ಹಾಸ್ಟೆಲ್ ಕತೆ ಕೇಳಿರುವವರು, ಆ 52ರ ರಾತ್ರಿ ಕಣ್ಣಾರೆ ಕಂಡವರು. ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ, ನೀವೂ ಅನುಮಾನಿಸಬೇಡಿ. ಆದರೆ ಕಾಳಜಿ ಪ್ರತಿ ಸಲವೂ ‘ಏನು ತಿಂದೆ?’ ಎಂಬ ಪ್ರಶ್ನೆಯಾಗಿ ಬಂದರೆ ಅದು ಕಾಳಜಿ ಅಂತ ಕೇಳಿಸುವುದಿಲ್ಲ.

ಜಗಳದ ಹೊತ್ತಿನಲ್ಲಿ ಬೇಡ, ಇಬ್ಬರೂ ಆರಾಮಾಗಿ ಕೂತಾಗ ಅವರ ಹತ್ತಿರ ಮಾತಾಡಿ. ‘ರೀ, ನೀವು ಫೋನ್ ಮಾಡೋದು ನನ್ನ ಮೇಲಿನ ಪ್ರೀತಿಗೇ ಅಂತ ಗೊತ್ತು. ಆದ್ರೆ ಕ್ಲಾಸಲ್ಲಿದ್ದಾಗ ಕೇಳಿದ್ರೆ ನಾನು ಏನೋ ತಪ್ಪು ಮಾಡಿ ಸಿಕ್ಕಿಬಿದ್ದೆ ಅನ್ಸುತ್ತೆ. ಲೋ ಆದ್ರೆ ಮಾತ್ರ ಫೋನ್ ಮಾಡಿ. ಹೈ ನಾನು ನೋಡ್ಕೋತೀನಿ’ ಅನ್ನಿ. ಇಷ್ಟೇ ಸಾಕು. ಅವರ ಫೋನಿನಲ್ಲಿ ಲೋ ಎಚ್ಚರಿಕೆ ಮಾತ್ರ ಬರುವ ಹಾಗೆ ಸೆಟ್ಟಿಂಗ್ ಬದಲಿಸಲು ಸಾಧ್ಯವೇ ಎಂದು ಎಜುಕೇಟರನ್ನು ಕೇಳಿ. ಅವರಿಗೆ ಮಾಡಲು ಕೆಲಸವನ್ನೂ ಕೊಡಿ, ಕೈಕಟ್ಟಿ ಕೂತವರಿಗೇ ಹೆದರಿಕೆ ಜಾಸ್ತಿ. ಎರಡು ಮೂರು ದಿನಕ್ಕೊಮ್ಮೆ ಸೆಟ್ (ಪಂಪಿನಿಂದ ಮೈಗೆ ಇನ್ಸುಲಿನ್ ಒಯ್ಯುವ ಟ್ಯೂಬ್ ಮತ್ತು ಕ್ಯಾನುಲಾ) ಬದಲಿಸುವಾಗ ಜೊತೆಗಿರಲಿ, ಸೆನ್ಸರ್, ಇನ್ಸುಲಿನ್ ತುಂಬುವ ರಿಸರ್ವಾಯರ್, ಬ್ಯಾಟರಿ ಎಷ್ಟು ಉಳಿದಿವೆ ಎಂಬ ಲೆಕ್ಕ ಅವರೇ ಇಟ್ಟುಕೊಳ್ಳಲಿ. ಸಂಜೆ ಮನೆಗೆ ಬಂದ ಮೊದಲ ಮಾತು ಶುಗರ್ ಬಗ್ಗೆ ಬೇಡ ಅಂತಲೂ ಒಪ್ಪಂದ ಮಾಡಿಕೊಳ್ಳಿ. (ಮಕ್ಕಳಿಗೆ ಪಂಪ್ ಹಾಕಿಸಿರುವ ಅಪ್ಪ ಅಮ್ಮಂದಿರು ಇದನ್ನು ಓದುತ್ತಿದ್ದರೆ ಅವರಿಗೂ ಇದೇ ಮಾತು. ಶಾಲೆಯಿಂದ ಬಂದ ಮಗುವನ್ನು ಮೊದಲು ‘ಇವತ್ತು ಏನಾಟ ಆಡಿದೆ?’ ಎಂದು ಕೇಳಿ. ಗ್ರಾಫ್ ಆಮೇಲೆ ನೋಡಬಹುದು.)

ಮೈಮೇಲೆ ಸದಾ ಒಂದು ಯಂತ್ರ ಇರುವುದರ ಬಗ್ಗೆ ನೀವು ಬರೆದಿಲ್ಲ. ಆದರೂ ನಿಮ್ಮ ವಯಸ್ಸಿನ ಹೆಣ್ಣುಮಕ್ಕಳು ನನ್ನೆದುರು ಕೂತಾಗ ಕೊನೆಯಲ್ಲಿ ತಲೆ ತಗ್ಗಿಸಿ ಹೇಳುವುದು ಇದನ್ನೇ. ಸೀರೆ ಉಟ್ಟಾಗ ಎಲ್ಲಿ ಸಿಕ್ಕಿಸುವುದು, ಟ್ಯೂಬ್ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡರೆ ಏನು ಗತಿ, ಗಂಡನ ಪಕ್ಕ ಮಲಗಿದಾಗ ಸಂಕೋಚ. ಲಂಗದ ಒಳಬದಿಗೆ ಒಂದು ಚಿಕ್ಕ ಜೇಬು ಹೊಲಿಸಿಕೊಳ್ಳಿ. ಸ್ನಾನಕ್ಕೆ, ಏಕಾಂತಕ್ಕೆ ಪಂಪನ್ನು ಬಿಚ್ಚಿ ಪಕ್ಕಕ್ಕಿಡಬಹುದು, ಒಂದು ಗಂಟೆ ಮೀರದಿದ್ದರೆ ಆಯಿತು. ಬಿಚ್ಚಿದ್ದನ್ನು ಮರಳಿ ಹಾಕಲು ಮರೆಯದಿರಲು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮಕ್ಕಳು ‘ಮಿಸ್, ಅದೇನು?’ ಎಂದು ಕೇಳಿದರೆ ಹೇಳಿಬಿಡಿ. ಆ ತರಗತಿಯಲ್ಲೂ ಯಾರಿಗೂ ಹೇಳದೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವ ಮಗು ಇರಬಹುದು.

ಬಿಡಬಾರದ ಹೆದರಿಕೆಯೂ ಒಂದಿದೆ. ಇಂಜೆಕ್ಷನ್ ತೆಗೆದುಕೊಳ್ಳುವಾಗ ನಿಮ್ಮ ಮೈಯಲ್ಲಿ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಇರುತ್ತಿತ್ತು. ಪಂಪಿನಲ್ಲಿ ಅದಿಲ್ಲ, ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಚರ್ಮದಡಿಯ ಸಣ್ಣ ನಳಿಕೆ ಕ್ಯಾನುಲಾ ಮಡಚಿಕೊಂಡರೆ, ಟ್ಯೂಬ್ ಕಟ್ಟಿಕೊಂಡರೆ, ಸೆಟ್ ಕಳಚಿದ್ದು ಗೊತ್ತಾಗದಿದ್ದರೆ ಕೆಲವೇ ಗಂಟೆಗಳಲ್ಲಿ ಮೈಯಲ್ಲಿ ಕೀಟೋನ್ ಎಂಬ ಅಪಾಯಕಾರಿ ಆಮ್ಲ ಏರತೊಡಗುತ್ತದೆ. ಕಾರಣವಿಲ್ಲದೆ 250 ದಾಟಿ, ಪಂಪ್ ತಿದ್ದಿದರೂ ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ, ಹೊಟ್ಟೆ ತೊಳಸಿದಂತಾದರೆ ಕಾಯುತ್ತಾ ಕೂರಬೇಡಿ. ಕೀಟೋನ್ ನೋಡಿ. ಡಾಕ್ಟರ್ ಹೇಳಿಕೊಟ್ಟ ಡೋಸನ್ನು ಪೆನ್‌ನಿಂದ ತೆಗೆದುಕೊಳ್ಳಿ, ಹೊಸ ಸೆಟ್ ಹಾಕಿ. ಪೆನ್ ಇರುವುದು ಇದಕ್ಕೆ. ಆ ಪೆನ್ ಡೋಸಿನ ನಂತರ ಪಂಪಿನ ಆಟೋ ಮೋಡ್ ಎಷ್ಟು ಹೊತ್ತು ನಿಲ್ಲಿಸಬೇಕು ಅನ್ನುವುದನ್ನೂ ಆ ಚೀಟಿಯಲ್ಲೇ ಬರೆಸಿಕೊಂಡಿರಿ. ವಾಂತಿ ಶುರುವಾದರೆ, ಉಸಿರು ಜೋರಾದರೆ ಸೀದಾ ಆಸ್ಪತ್ರೆಗೆ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಇನ್ನೊಂದು ನೆನಪಿಡಬೇಕು: ಬಿಸಿಲಿಗೆ ಪಂಪಿನೊಳಗಿನ ಇನ್ಸುಲಿನ್ನೂ ಕೆಡುತ್ತದೆ.

ಮನಸ್ಸಿನ ವಿಷಯಕ್ಕೆ ಹೊರಗಿನ ಸಹಾಯ ಯಾವಾಗ? ಎರಡು ವಾರ ಮೀರಿ ಏನೂ ಬೇಡ ಅನಿಸುತ್ತಿದ್ದರೆ, ಅಲಾರಂ ಇಲ್ಲದ ರಾತ್ರಿಯೂ ನಿದ್ದೆ ಬಾರದಿದ್ದರೆ, ಇನ್ಸುಲಿನ್ ಬಿಟ್ಟುಬಿಡೋಣ ಎಂಬ ಯೋಚನೆ ಬಂದರೆ, ಬದುಕೇ ಸಾಕು ಅನಿಸಿದರೆ. ಈ ಕೊನೆಯ ಎರಡಕ್ಕೆ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹತ್ತಿರದಲ್ಲಿರುವವರಿಗೂ ಹೇಳಿ. ಡಾಕ್ಟರ್ ಹತ್ತಿರ ಮುಂದಿನ ಸಲ ಹೋದಾಗ ಗ್ರಾಫ್ ತೆರೆಯುವ ಮುಂಚೆಯೇ ‘ಸರ್, ರಿಪೋರ್ಟ್ ಚೆನ್ನಾಗಿದೆ, ನಾನು ಚೆನ್ನಾಗಿಲ್ಲ’ ಎಂದು ಹೇಳಿ. ನಾಚಿಕೆಯ ಮಾತಲ್ಲ ಅದು.

ಪಂಪ್ ತೆಗೆಯಲಾ ಅಂತ ಕೇಳಿದ್ದೀರಿ. ಮೇಲೆ ಹೇಳಿದ್ದನ್ನು ಮೂರು ತಿಂಗಳು ಮಾಡಿ ನೋಡಿ, ಆಮೇಲೆ ನಿರ್ಧರಿಸಿ ಅಂತ ನನ್ನ ಅಭಿಪ್ರಾಯ. ಪೆನ್ ಡೋಸ್ ನಿಂತು, ಕ್ಲಾಸಿನ ಫೋನ್ ನಿಂತು, ನಾಲ್ಕು ರಾತ್ರಿ ನಿದ್ದೆ ಬಂದ ಮೇಲೆ ಇದೇ ಪಂಪ್ ಬೇರೆ ಥರ ಕಾಣಬಹುದು. ಕಾಣದಿದ್ದರೂ ಪರವಾಗಿಲ್ಲ. ಪಂಪ್ ಹಾಕಿಕೊಂಡವರು ಜಾಣರು, ಇಂಜೆಕ್ಷನ್‌ನವರು ಹಿಂದುಳಿದವರು ಅಂತೇನಿಲ್ಲ. ದುಡ್ಡಿಲ್ಲದ್ದಕ್ಕೆ ಪಂಪ್ ಕೊಡಿಸಲಾಗದೆ ಕೊರಗುವ ಓದುಗರಿಗೂ ಇದನ್ನೇ ಹೇಳುತ್ತೇನೆ. ನೀವು 18 ವರ್ಷ ಚೆನ್ನಾಗಿ ಬದುಕಿದ್ದು ಇಂಜೆಕ್ಷನ್‌ನಲ್ಲೇ. ಆದರೆ ತೆಗೆಯುವುದಾದರೆ ಒಂದು ರಾತ್ರಿ ಸಿಟ್ಟಿನಲ್ಲಿ ಕಿತ್ತು ಬೀರುವಿನಲ್ಲಿಡಬೇಡಿ. ಪಂಪ್ ನಿಂತ ಕೆಲವೇ ಗಂಟೆಗಳಲ್ಲಿ ಮೈಯಲ್ಲಿ ಇನ್ಸುಲಿನ್ ಉಳಿಯುವುದಿಲ್ಲ. ಹಾಗಾಗಿ ಯಾವ ದಿನ, ಎಷ್ಟು ಗಂಟೆಗೆ ಪಂಪ್ ಬಿಚ್ಚುವುದು, ದೀರ್ಘಾವಧಿಯ ಇನ್ಸುಲಿನ್ನಿನ ಮೊದಲ ಇಂಜೆಕ್ಷನ್ ಯಾವಾಗ, ಎಷ್ಟು ಯೂನಿಟ್ ಅನ್ನುವುದನ್ನು ಡಾಕ್ಟರ್ ಜೊತೆ ಕೂತು ಬರೆಸಿಕೊಂಡು, ನಿಮ್ಮನೆಯವರಿಗೂ ಓದಿ ಹೇಳಿದ ಮೇಲೇ ತೆಗೆಯಿರಿ.